ಹುಳುಮನೆಯ ಐದು ಡಬ್ಬಿಗಳು

“ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು, ಬಾಯಿ ಮುಚ್ಕೊಂಡು ಒಳಗೆ ಬನ್ನಿ! ಇವತ್ತಿನ ದಿನ ಮುಂದೆ ನೆನೆಸ್ಕೊತೀರ!”

ದೊಡ್ಡಪ್ಪ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದರು. ಒಳಗೆ ಹೋದವರು ಮೂರೇ ಜನ: ದೊಡ್ಡಮ್ಮ, ಸೊಪ್ಪು ಕೊಯ್ಯಲು ಬರುವ ಪಕ್ಕದ ಮನೆಯ ಪಿಳ್ಳಮ್ಮ, ಮತ್ತೆ ನಾನು.

ದೊಡ್ಡಪ್ಪ ಮುನಿಶಾಮಪ್ಪನವರದು ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ. ಅಲ್ಲಿಗೆ ಹೋದ ಫೋನು ರಿಪೇರಿಯಾಗುವುದು ಕಡಿಮೆ, ಬೇರೆ ಏನಾದರೂ ಆಗುವುದು ಹೆಚ್ಚು. ಹೋದ ವರ್ಷ ಅವರು ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಯಂತ್ರ ಮಾಡಿದ್ದರು. ಅದು ಸೊಪ್ಪನ್ನು ಮುಟ್ಟದೆ ಅವರ ಪಂಚೆಯನ್ನು ಒಂದೇ ಅಳತೆಯ ಇನ್ನೂರು ಚೂರು ಮಾಡಿತು. ಈ ಸಲ ಹುಳುಮನೆಯ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಪುಟ್ಟ ಡಬ್ಬಿಗಳನ್ನು ನೇತುಹಾಕಿದ್ದರು.

“ಒಳಗೆ ಮೆಣಸಿನಕಾಳಿನಷ್ಟು ಒಂದು ಮಣಿ ಐತೆ. ಅದು ಬಿಸಿ ಎಷ್ಟು ಅಂತ ನೋಡ್ತೈತೆ. ಈ ಡಬ್ಬಿ ಆ ಡಬ್ಬಿಗೆ ಹೇಳ್ತೈತೆ, ಅದು ಮುಂದಿನದಕ್ಕೆ. ವಯರಿಲ್ಲ, ಗಿಯರಿಲ್ಲ! ಕೊನೆಗೆ ಬಾಗಿಲ ಪಕ್ಕದ ಈ ಫೋನು ನಿನಗೆ ಫೋನ್ ಮಾಡ್ತೈತೆ. ನೀನು ಚಂದ್ರಲೋಕದಾಗಿದ್ರೂ ಸೈ! ಕಂಪನಿಯವರು ಇದಕ್ಕೆ ಎಂಟು ಸಾವಿರ ಕೇಳ್ತಾರೆ. ನಂದು ಡಬ್ಬಿಗೆ ನೂರ ನಲವತ್ತು!”

ದೊಡ್ಡಮ್ಮ ಮೂಗು ಮೇಲೆತ್ತಿದರು. “ಮುಲಾಮಿನ ವಾಸ್ನೆ! ಏನ್ರೀ, ತಲೆನೋವಿನ ಮುಲಾಮಿನ ಡಬ್ಬಿ ತಂದು ಹುಳದ ತಲೆ ಮೇಲೆ ಕಟ್ಟಿದ್ದೀರಾ? ಮಲ್ಲಿಗೆ ಮುಡ್ಕೊಂಡು ಬಂದವರನ್ನೇ ನಾನು ಒಳಗೆ ಬಿಡಲ್ಲ!”

“ಮೂರು ಸಲ ಬೇಯ್ಸಿದ್ದೀನಿ ಕಣೇ!”

“ನನ್ನ ಮೂಗಿಗೆ ಬಂತಲ್ಲ!”

“ನಿನ್ನ ಮೂಗು ಹುಳದ ಮೂಗಿಗಿಂತ ಜೋರು!”

ಜಗಳವನ್ನು ಅಲ್ಲಿಗೇ ಬಿಟ್ಟು ದೊಡ್ಡಪ್ಪ ನಡುವಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಉಸಿರು ಊದಿದರು. ದೊಡ್ಡಮ್ಮನ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡವರು ನನ್ನ ಕಡೆ ತಿರುಗಿ ಗದರಿದರು.

“ತೇಜು! ಪಕ್ಕದಾಗೇ ನಿಂತ್ಕೊಂಡು ಫೋನ್ ಯಾಕೇ ಮಾಡ್ತೀಯ?”

ಫೋನಿನಲ್ಲಿದ್ದದ್ದು ನನ್ನ ದನಿ: “ಮೂವತ್ತೆರಡು ಡಿಗ್ರಿ. ಬೇಗ ಬನ್ನಿ.”

ಹಿಂದಿನ ವಾರ ದೊಡ್ಡಪ್ಪ ನನ್ನಿಂದ ಇಪ್ಪತ್ತರಿಂದ ನಲವತ್ತರವರೆಗಿನ ಅಂಕಿ, ಆಮೇಲೆ ‘ಡಿಗ್ರಿ’, ‘ಎಲ್ಲಾ ಚೆನ್ನಾಗಿದೆ’, ‘ಬೇಗ ಬನ್ನಿ’ ಎಂದು ಹೇಳಿಸಿ ತುಂಬಿಕೊಂಡಿದ್ದರು. ಕಂಬಳಿ ಹೊದ್ದುಕೊಂಡು ಹೇಳಿದ್ದೆ, ಯಾರೂ ನೋಡಬಾರದೆಂದು. ಯಾವುದೋ ಬಿಟ್ಟಿ ಸಾಫ್ಟ್‌ವೇರು, ದನಿ ಕೊಟ್ಟರೆ ತಾನೇ ಕಲಿಯುತ್ತದೆ ಎಂದಿದ್ದರು.

ಪಿಳ್ಳಮ್ಮ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಅರವತ್ತು ಸಾವಿರ ಹುಳು ಒಟ್ಟಿಗೆ ಮೇಯುವಾಗ ಯಾರೋ ಕಾಗದದ ಮೂಟೆಯನ್ನು ನೆಲದ ಮೇಲೆ ಮೆಲ್ಲಗೆ ಎಳೆದಂಥ ಸದ್ದು ಬಿಡದೆ ಕೇಳುತ್ತದೆ. ಆ ದನಿ ಮಾತಾಡಿದಷ್ಟು ಹೊತ್ತು ಸದ್ದು ನಿಂತಿತ್ತು. ಎಲ್ಲ ಹುಳುಗಳೂ ತಲೆಯೆತ್ತಿದ್ದವು.

ದೊಡ್ಡಮ್ಮ ಆಂಜಿನಮ್ಮ ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಹುಳುಮನೆ ಬಿಟ್ಟು ಕದಲುವವರಲ್ಲ. ನಾಲ್ಕು ವರ್ಷದ ಹಿಂದೆ ಅವರ ಮಗಳು ಶಶಿ ಅಕ್ಕನಿಗೆ ಮೊದಲ ಹೆರಿಗೆಯಾದಾಗ ಹುಳು ಕೊನೆಯ ಹಂತದಲ್ಲಿದ್ದವು. ದೊಡ್ಡಮ್ಮ ಆಸ್ಪತ್ರೆಗೆ ಹೋಗಲಿಲ್ಲ. ಆ ಮಗು ಮೂರು ದಿನ ಇತ್ತು, ಅಷ್ಟೆ. ದೊಡ್ಡಮ್ಮ ಅದರ ಮುಖವನ್ನೇ ನೋಡಲಿಲ್ಲ. ಈ ಸಲ ಅಕ್ಕ ತವರಿಗೆ ಬರಲೇ ಇಲ್ಲ. “ಹುಳ ಬಿಟ್ಟು ಬರೋದಾದ್ರೆ ನೀನೇ ಬಾ” ಎಂದು ಚಿಂತಾಮಣಿಯ ಗಂಡನ ಮನೆಯಿಂದ ಹೇಳಿಕಳಿಸಿದ್ದಳು. ಡಬ್ಬಿಗಳು ಹುಟ್ಟಿದ್ದು ಅದಕ್ಕೇ.

ಡಬ್ಬಿ ಕಟ್ಟಿದ ನಾಲ್ಕನೇ ದಿನ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರೆಂದು ಫೋನು ಬಂತು. ದೊಡ್ಡಮ್ಮ ಬಾಗಿಲವರೆಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು.

“ತೇಜು, ಮೂವತ್ತು ದಾಟಬಾರದು ಕಣೆ. ದಾಟಿದ್ರೆ ಸಪ್ಪೆ ರೋಗ ಬಂದು ಒಂದೇ ದಿನದಾಗೆ ಎಲ್ಲಾ ಕಪ್ಪಾಗಿ ಜೋತ್ಕೊಂತವೆ. ಬೆಳಗ್ಗೆ, ಸಂಜೆ ಫೋನ್ ಮಾಡ್ತೀನಿ. ಹೂಂ ಅನ್ನು!”

ನಾನು ತಲೆಯಾಡಿಸಿದೆ.

“ಬಾಯಿ ಬಿಟ್ಟು ಅನ್ನೇ, ತಾಯಿ!”

ಅಂದೆನೋ ಇಲ್ಲವೋ, ನೆನಪಿಲ್ಲ. ಬಸ್ಸು ಹೋಯಿತು.

ಅವತ್ತು ಸಂಜೆ ನಾನು ಸೊಪ್ಪು ಹಾಸುತ್ತಿದ್ದಾಗ ಬಾಗಿಲ ಪಕ್ಕದ ಫೋನು ತಾನೇ ದೊಡ್ಡಮ್ಮನಿಗೆ ಕರೆ ಮಾಡಿತು. ಎರಡೂ ಕಡೆಯ ಮಾತು ಗೋಡೆಗೆ ಬಡಿದು ಕೇಳುತ್ತಿತ್ತು.

“ಇಪ್ಪತ್ತೇಳು ಡಿಗ್ರಿ. ಎಲ್ಲಾ ಚೆನ್ನಾಗಿದೆ.”

“ಸದ್ಯ! ಎಷ್ಟು ಸಲ ಸೊಪ್ಪು ಹಾಕ್ದೆ?”

“ಇಪ್ಪತ್ತೇಳು.”

“ಇಪ್ಪತ್ತೇಳು ಸಲಾನಾ! ಹೊಟ್ಟೆ ಒಡೆದು ಸಾಯ್ತವೆ ಕಣೇ! ನಿಮ್ಮ ದೊಡ್ಡಪ್ಪ ಏನ್ ಮಾಡ್ತಾ ಅವ್ರೆ?”

“ಬೇಗ ಬನ್ನಿ.”

“ಅಯ್ಯೋ! ಏನಾಯ್ತು ಅವರಿಗೆ?”

“ಎಲ್ಲಾ ಚೆನ್ನಾಗಿದೆ.”

“ಚೆನ್ನಾಗಿದ್ರೆ ಬೇಗ ಬನ್ನಿ ಅಂತ ಯಾಕೆ ಅಂತೀಯೇ!”

ನಾನು ಓಡಿಹೋಗಿ, ಅದು ನಾನಲ್ಲ ದೊಡ್ಡಮ್ಮ ಎಂದು ಹೇಳಬೇಕಿತ್ತು. ಸೊಪ್ಪನ್ನು ಎದೆಗೆ ಅವುಚಿಕೊಂಡು ನಿಂತೆ. ದೊಡ್ಡಮ್ಮ ನಿಟ್ಟುಸಿರು ಬಿಟ್ಟು, “ಹೋಗ್ಲಿ ಬಿಡು, ಇಷ್ಟು ಮಾತಾಡಿದ್ದೇ ಹೆಚ್ಚು” ಎಂದು ಇಟ್ಟುಬಿಟ್ಟರು. ಡಬ್ಬಿಯ ಫೋನಿಗೂ ನನ್ನದೇ ದನಿ ಎಂದು ಗೊತ್ತಿದ್ದರೂ ಅವರಿಗೆ ಏನೂ ಅನುಮಾನ ಬರಲಿಲ್ಲ. ಈ ಮನೆಯಲ್ಲಿ ಬೆಳೆದ ಇಪ್ಪತ್ತೆರಡು ವರ್ಷದಲ್ಲಿ ನಾನು ಅವರ ಜೊತೆ ಮಾತಾಡಿದ್ದು ಹೆಚ್ಚುಕಡಿಮೆ ಹಾಗೇ.

ಮರುದಿನ ಮಧ್ಯಾಹ್ನ ದೊಡ್ಡಪ್ಪ ಅಂಗಡಿಯಿಂದ ಕುಣಿಯುತ್ತಾ ಬಂದರು. “ಏನಮ್ಮಾ, ಬೆಳಗ್ಗೆ ನಿಮ್ಮ ದೊಡ್ಡಮ್ಮನ ಜೊತೆ ನಲವತ್ತು ನಿಮಿಷ ಮಾತಾಡ್ದೆಯಂತೆ! ‘ಹುಡುಗಿ ಮನಸ್ಸು ಬಿಚ್ಚಿ ಮಾತಾಡಿದ್ಳು, ನನಗೆ ಅಳು ಬಂತು’ ಅಂದ್ಳು!”

“ನಾನಾ?”

“ಮೂರು ವರ್ಷ ಕಾಲೇಜಲ್ಲಿ ಹಾಜರಿ ಕೂಗಿದಾಗ ಎಸ್ ಸಾರ್ ಅಂದಿದ್ದು ಯಾರಿಗೂ ಕೇಳ್ದೆ ಗೈರುಹಾಜರಿ ಬರೆದ್ರಂತೆ. ಪಾಪ, ಅದನ್ನೆಲ್ಲಾ ಹೇಳ್ದೆಯಂತೆ.”

ಅದನ್ನು ನಾನು ಯಾರಿಗೂ ಹೇಳಿಲ್ಲ. ಡೈರಿಯಲ್ಲಿ ಬರೆದಿದ್ದೇನೆ. ಬರೆದದ್ದನ್ನು ದಿನಾ ಸಂಜೆ ಹುಳುಗಳ ಮುಂದೆ ಕೂತು ಪಿಸುಮಾತಿನಲ್ಲಿ ಓದುತ್ತೇನೆ. ಮೇಯುವ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ. ಅದಕ್ಕೇ ಧೈರ್ಯ.

ಹುಳುಮನೆಗೆ ಓಡಿದೆ. ಒಡೆದ ಗಾಜಿನ ಆ ಫೋನು ಮೊಳೆಯಲ್ಲಿ ನೇತಾಡುತ್ತಿತ್ತು. ಹತ್ತಿರ ಹೋಗಿ, “ಇನ್ಮೇಲೆ ಮಾತಾಡಬೇಡ” ಎಂದೆ.

“ಯಾಕೆ?” ಎಂದಿತು, ನನ್ನ ದನಿಯಲ್ಲಿ.

ಆ ಪದವನ್ನು ನಾನು ತುಂಬಿರಲಿಲ್ಲ. ಅಷ್ಟು ನೆಟ್ಟಗೆ ಯಾರನ್ನಾದರೂ ಕೇಳಿದ್ದೂ ಇಲ್ಲ. ಹಿಂದೆ ಅರವತ್ತು ಸಾವಿರ ಬಾಯಿಗಳು ಮೇಯುವುದನ್ನು ನಿಲ್ಲಿಸಿದ್ದವು. ತಿರುಗಿ ನೋಡಲಿಲ್ಲ.

ದೊಡ್ಡಮ್ಮ ಹೋದ ಮೂರನೇ ದಿನ ಬಿಸಿಲು ಹೊತ್ತಿಕೊಂಡಿತು. ಹನ್ನೊಂದು ಗಂಟೆಗೇ ಗೋಡೆಯ ಹಳೆಯ ಪಾದರಸದ ಥರ್ಮಾಮೀಟರು ಮೂವತ್ತೈದು ತೋರಿಸುತ್ತಿತ್ತು. ಕೆಲವು ಹುಳು ಆಗಲೇ ಹಳದಿ ತಿರುಗಿ ತಲೆ ತೂಗುತ್ತಿದ್ದವು. ಎಣಿಸಿದ್ದಕ್ಕಿಂತ ಎರಡು ದಿನ ಮುಂಚೆಯೇ ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಒಂದೊಂದೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದಕ್ಕೆ ಇಪ್ಪತ್ತು ಜನ ಬೇಕು. ಇದ್ದವರು ಮೂವರು. ಫೋನು ಮಾತ್ರ ಚಿಂತಾಮಣಿಗೆ ಕರೆ ಮಾಡಿ ತಣ್ಣಗೆ ಹೇಳುತ್ತಿತ್ತು: “ಇಪ್ಪತ್ತಾರು ಡಿಗ್ರಿ. ಎಲ್ಲಾ ಚೆನ್ನಾಗಿದೆ.”

ದೊಡ್ಡಪ್ಪ ಒಂದೊಂದೇ ಡಬ್ಬಿ ಬಿಚ್ಚಿ ನೋಡಿದರು. ಐದೂ ಮೂವತ್ತೈದು ಅನ್ನುತ್ತಿದ್ದವು.

“ಡಬ್ಬಿ ಸರಿಯಾಗೇ ಅವೆ! ಇದಕ್ಕೆ ಸುಳ್ಳು ಹೇಳೋದನ್ನ ನಾನು ಕಲಿಸೇ ಇಲ್ಲ!”

“ಕಲಿಸೋದೇನು ಬಂತಣ್ಣ, ನಿನ್ನ ಅಂಗಡೀಲಿ ನಾಲ್ಕು ದಿನ ಇದ್ದಿದ್ರೆ ಸಾಕು. ‘ನಾಳೆ ಬಾ, ರೆಡಿ ಇರ್ತೈತೆ’ ಅಂತ ಕೇಳಿಸ್ಕೊಂಡಿರ್ತೈತೆ” ಎಂದಳು ಪಿಳ್ಳಮ್ಮ.

“ಹರಟೆ ಆಮೇಲೆ! ಅವಳನ್ನ ಕರೆಸ್ಬೇಕು. ತೇಜು, ನೀನೇ ಹೇಳಮ್ಮ. ನಾನು ಹೇಳಿದ್ರೆ ಅಲ್ಲಿಂದಲೇ ಚಪ್ಪಲಿ ಎಸೀತಾಳೆ!”

ಅವರಿಬ್ಬರೂ ಗೋಣಿಚೀಲ ನೆನೆಸಲು ತೊಟ್ಟಿಯ ಕಡೆ ಓಡಿದರು. ನಾನು ಫೋನನ್ನು ಮೊಳೆಯಿಂದ ತೆಗೆದೆ. ಬೆಚ್ಚಗಿತ್ತು, ಯಾರೋ ಹಿಡಿದು ಈಗ ಬಿಟ್ಟ ಹಾಗೆ.

“ಹೇಳ್ತೀಯಾ?” ಎಂದಿತು. “ಶಶಿ ಅಕ್ಕನಿಗೆ ನೋವು ಬಂದಿದೆ. ದೊಡ್ಡಮ್ಮನ ಕೈ ಹಿಡ್ಕೊಂಡಿದ್ದಾಳೆ. ಬಿಡ್ತಾ ಇಲ್ಲ.”

ಹೇಳಿದರೆ ದೊಡ್ಡಮ್ಮ ಮುಂದಿನ ಬಸ್ಸು ಹಿಡಿಯುತ್ತಾರೆ. ಅಕ್ಕ ಇನ್ನು ಯಾವತ್ತೂ ಅವರ ಜೊತೆ ಮಾತಾಡುವುದಿಲ್ಲ. ಹೇಳದಿದ್ದರೆ ಸಂಜೆಯೊಳಗೆ ಹುಳು ಸಾಯುತ್ತವೆ. ಮನೆಮನೆಗೆ ಹೋಗಿ ಬಾಗಿಲು ಬಡಿದು ಜನರನ್ನು ಕರೆಯಬೇಕಿತ್ತು. ಕಾಲು ಹೊಸ್ತಿಲು ದಾಟಲಿಲ್ಲ.

“ನೀನೇ ಕರಿ,” ಎಂದೆ, “ಊರಿನವರನ್ನ.”

ಆ ಫೋನು ಯಾವನೋ ಮದುವೆ ಫೋಟೋ ತೆಗೆಯುವವನು ರಿಪೇರಿಗೆ ಕೊಟ್ಟು ಆಸೆ ಬಿಟ್ಟದ್ದು. ಅದರಲ್ಲಿ ತಾಲೂಕಿನ ಅರ್ಧ ಜನರ ನಂಬರಿತ್ತು. ಅರ್ಧ ಗಂಟೆಯಲ್ಲಿ ಮನೆ ಮುಂದೆ ಜಾತಿಜಾತಿಯ ಗಾಡಿಗಳು! ಊರಿನ ಹೆಂಗಸರು ಬಂದರು, ಲೈನ್‌ಮನ್ ಬಂದ, ಅಡುಗೆಯವರು ಸೌಟು ಹಿಡಿದು ಬಂದರು, ವಾಲಗದವರು ಡೋಲು ಸಮೇತ ಬಂದರು.

“ಎಲ್ಲಮ್ಮಾ ತೇಜು? ಫೋನಲ್ಲಿ ಅದೆಷ್ಟು ಗಟ್ಟಿಯಾಗಿ ಬೈದೆ! ಉಣ್ತಿದ್ದೋನು ಕೈ ತೊಳೀದೆ ಓಡಿಬಂದೆ!” ಎಂದರು ಡೋಲಿನವರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ದನಿ ಬಂತು: “ಹಾಗಾದ್ರೆ ಈಗ ತೊಳೀರಿ. ಹೂ ತೆಗೀರಿ. ಬೀಡಿ ಅಲ್ಲೇ ಆರಿಸಿ.”

ಎಲ್ಲರೂ ನನ್ನ ಮುಖ ನೋಡಿ, ಹೆದರಿ, ಸಾಲಾಗಿ ನಿಂತು ಕೈ ತೊಳೆದರು.

ಒದ್ದೆ ಗೋಣಿಚೀಲ ಕಿಟಕಿಗೆ ಬಿದ್ದವು. ಬುಟ್ಟಿ ಬುಟ್ಟಿ ಹುಳು ಚಂದ್ರಿಕೆಗೆ ಹೋದವು. ಒಳಗೆ ದನಿ ಒಂದೇ ಸಮ, “ಇಪ್ಪತ್ತಾರು… ಇಪ್ಪತ್ತಾರು…” ಎನ್ನುತ್ತಿತ್ತು. ಗೋಡೆಯ ಪಾದರಸ ಮೂವತ್ತಮೂರಕ್ಕೆ ಬಂದು, ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಆದರೂ ಡೋಲಿನವರು ಹಲ್ಲು ಕಟಕಟ ಕಡಿಯುತ್ತಾ ಡೋಲನ್ನು ತಬ್ಬಿಕೊಂಡರು. “ಇದೇನಮ್ಮಾ, ಏಪ್ರಿಲ್ ತಿಂಗಳಲ್ಲಿ ಚಳಿ!” ಚಂದ್ರಿಕೆಯ ಮೇಲಿನ ಹುಳುಗಳೆಲ್ಲ ಬಾಗಿಲ ಕಡೆ ಮುಖ ಮಾಡಿ, ಒಂದೇ ತಾಳಕ್ಕೆ ತಲೆ ತೂಗಿ ನೂಲು ಬಿಡತೊಡಗಿದವು. ಒಂದು ಹುಳುವೂ ಕಪ್ಪಾಗಲಿಲ್ಲ.

ಸಂಜೆ ದೊಡ್ಡಮ್ಮ ಫೋನು ಮಾಡಿ ಅತ್ತರು. ಹೆಣ್ಣು ಮಗು.

ಚಂದ್ರಿಕೆಯಿಂದ ಜಾರಿದ ಒಂದಿಷ್ಟು ಹುಳು ಗೋಡೆ ಹತ್ತಿ ಫೋನಿನ ಮೇಲೆ ಸೇರಿದ್ದವು. ಬೆಳಗಾಗುವಾಗ ಫೋನು ಕಾಣಲಿಲ್ಲ. ಮೊಳೆಯಲ್ಲಿ ತೆಂಗಿನಕಾಯಿ ಗಾತ್ರದ ಬಿಳಿ ಗೂಡು ನೇತಾಡುತ್ತಿತ್ತು. ಚಾರ್ಜರಿನ ವಯರು ಕಳಚಿ ಕೆಳಗೆ ಬಿದ್ದಿತ್ತು. ಆದರೂ ಕಿವಿಯಿಟ್ಟರೆ ಒಳಗೆ ನನ್ನ ದನಿ ಸಣ್ಣಗೆ ಅಂಕಿ ಎಣಿಸುತ್ತಿತ್ತು.

ಮಗು ಹುಟ್ಟಿದ ಆರನೇ ದಿನ ದೊಡ್ಡಮ್ಮ ಬಂದು ಗೂಡುಗಳ ರಾಶಿ ನೋಡಿ ದೊಡ್ಡಪ್ಪನ ಬೆನ್ನು ತಟ್ಟಿದರು. ನಡೆದದ್ದನ್ನೆಲ್ಲ ಪಿಳ್ಳಮ್ಮ ಹೇಳಿದಳು. ದೊಡ್ಡಮ್ಮ ಆ ದೊಡ್ಡ ಗೂಡನ್ನು ಕಿವಿಯ ಹತ್ತಿರ ಹಿಡಿದು, ಎಲ್ಲ ಗೂಡುಗಳನ್ನು ನೋಡುವ ಹಾಗೇ ಅಲ್ಲಾಡಿಸಿದರು. ಅವರ ಮುಖ ಬದಲಾಯಿತು.

“ಒಳಗೆ ತಿರುಗ್ತಾ ಐತೆ.”

“ಕೊಡೇ ಇಲ್ಲಿ, ಕುಯ್ದು ನನ್ನ ಫೋನು ತಗೊಂತೀನಿ!” ಎಂದರು ದೊಡ್ಡಪ್ಪ.

“ಮುಟ್ಟೀರಾ ಜೋಕೆ! ಜೀವ ಇರೋ ಗೂಡು ಕುಯ್ತಾರಾ?”

“ಹಂಗಾದ್ರೆ ಮಾರುಕಟ್ಟೆಗೆ ಹಾಕು!”

“ಅಲ್ಲಿ ಬಿಸಿನೀರಿಗೆ ಹಾಕ್ತಾರೆ. ನಮ್ಮ ಹುಡುಗಿ ದನಿ ಐತ್ರೀ ಅದ್ರಾಗೆ!”

ಗೂಡನ್ನು ಮೊರದಲ್ಲಿಟ್ಟು ಅಟ್ಟದ ಮೇಲೆ ಇರಿಸಿದರು. ಗೂಡಾದ ಹತ್ತನೇ ದಿನ ಬೆಳಗ್ಗೆ ನೋಡಿದಾಗ ಗೂಡಿನ ತುದಿಯಲ್ಲಿ ಮುಷ್ಟಿ ಹೋಗುವಷ್ಟು ದುಂಡನೆಯ ತೂತು, ಅಂಚು ಇನ್ನೂ ಒದ್ದೆ. ಒಳಗೆ ಏನೂ ಇರಲಿಲ್ಲ.

“ನನ್ನ ಫೋನು!” ಎಂದು ದೊಡ್ಡಪ್ಪ ಕೂಗಿದರು.

ಮೊನ್ನೆ ಶಶಿ ಅಕ್ಕ ಫೋನು ಮಾಡಿ, ನನಗೇ ಕೊಡಬೇಕೆಂದು ಹಟ ಹಿಡಿದಳು.

“ತೇಜು, ಆವತ್ತು ನೀನು ಬರದೆ ಇದ್ದಿದ್ರೆ ಏನ್ ಗತಿಯೇ! ಮಗೂಗೆ ಜ್ವರ ಅಂತ ನಾವ್ಯಾರೂ ಗಮನಿಸೇ ಇರ್ಲಿಲ್ಲ. ನೀನು ಬಂದೋಳೇ ಮಗು ಹಣೆ ಮೇಲೆ ಕೈಯಿಟ್ಟು ‘ಮೂವತ್ತೊಂಬತ್ತು’ ಅಂದೆ. ಆಸ್ಪತ್ರೆಗೆ ಹೊತ್ಕೊಂಡು ಓಡಿದ್ವಿ. ಇನ್ನು ಎರಡು ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ಈಗ ಹಾಲು ಕುಡೀತಾ ಅವಳೆ, ಪುಟ್ಟಿ.”

“ಹೂಂ” ಎಂದೆ.

“ಅದೇನೇ, ನಿನ್ನ ಮೈಮೇಲೆಲ್ಲಾ ಬಿಳೀ ಪುಡಿ? ಒರೆಸಿದಷ್ಟೂ ಬರ್ತಿತ್ತು. ಯಾಕೆ ನಿಂತ ಕಾಲಲ್ಲೇ ಹೋಗ್ಬಿಟ್ಟೆ?”

ಆ ದಿನ, ಗೂಡಿಗೆ ತೂತು ಬಿದ್ದ ದಿನ, ನಾನು ಹುಳುಮನೆಗೆ ಸುಣ್ಣ ಬಳಿಯುತ್ತಿದ್ದೆ. ಊರು ಬಿಟ್ಟು ಹೋಗಿರಲಿಲ್ಲ. ಹಾಗೆಂದು ಅಕ್ಕನಿಗೆ ಹೇಳಲಿಲ್ಲ. ಮಗು ಉಳಿದಿದೆ, ತಾಯಿ ಮಗಳು ಮಾತಾಡುತ್ತಿದ್ದಾರೆ, ಸಾಕು.

ಅಕ್ಕ ಹೇಳಿದ ಪ್ರಕಾರ, ಚಿಂತಾಮಣಿಗೆ ಬರುವಾಗ ಆ ತೇಜು ಬಸ್ಸಿನ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳವಾಡಿ, ಗೆದ್ದು, ಕಿಟಕಿ ಪಕ್ಕದ ಸೀಟನ್ನೂ ಗಿಟ್ಟಿಸಿಕೊಂಡಳಂತೆ. ಅದನ್ನು ಕೇಳಿದಾಗ ಮಾತ್ರ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.