ರಬ್ಹಾಳ ಹೆಸರಿಗೆ ಐದು ಕಿಟಕಿ

“ಅಮ್ಮಾ, ಅಜ್ಜಿ ಕಂಬಳಿಯಲ್ಲಿ ರಬ್ಹಾ ಅತ್ತೆ ಹೆಸರು ನೇಯೋದು ಬಿಟ್ಟು ಬರೀ ಕಿಟಕಿ ಯಾಕೆ ನೇಯ್ದಿದ್ದಾರೆ?”

ಶಾಲೆಯಲ್ಲಿ ಈಗಷ್ಟೇ ನಮ್ಮ ಭಾಷೆಯ ತಿಫಿನಾಗ್ ಲಿಪಿಯ ಅಕ್ಷರ ಕಲಿಯುತ್ತಿರುವ ಮಗಳು ತುದಾ ಹೀಗೆ ಕೇಳಿದಾಗ ನಾನು ನಾದಿನಿ ರಬ್ಹಾಳ ಮದುವೆಗೆ ಬಾದಾಮಿ ಸುಲಿಯುತ್ತಿದ್ದೆ. ಬಾದಾಮಿಯ ಜೊತೆ ನನ್ನ ಜಂಭವೂ ಸುಲಿದುಹೋಯಿತು!

ಸಾಮಾನ್ಯ ಜಂಭವೇ ಅದು? “ನಮ್ಮೂರು ತಜ್ನಾಖ್ತಿನ ಮಗ್ಗಗಳ ಮೇಲೆಲ್ಲ ನಮ್ಮ ಲಿಪಿ ಮೆರೆಸುತ್ತೇನೆ!” ಎಂದು ಘೋಷಿಸಿ, ನೇಯುವ ಹೆಂಗಸರಿಗೆಂದೇ ಮೊಬೈಲ್ ಆ್ಯಪ್ ಮಾಡಿದ್ದೆ. ಹೆಸರು ಹಾಕಿದರೆ ಅಕ್ಷರಗಳು ದೊಡ್ಡದಾಗಿ ಮೂಡಬೇಕು, ನೋಡಿಕೊಂಡು ನೇಯಬೇಕು. ನನ್ನ ಫೋನಿನಲ್ಲಿ ಮೂಡಿದ್ದವು, ಮುತ್ತಿನ ಹಾಗೆ! ಅತ್ತೆಯ ಹಳೇ ಫೋನಿನಲ್ಲಿ ನಮ್ಮ ಲಿಪಿಯ ಫಾಂಟೇ ಇಲ್ಲ. ಅದನ್ನು ಆ್ಯಪಿನೊಳಗೇ ಸೇರಿಸಬೇಕೆಂದು ಈ ಮಹಾಪಂಡಿತೆಗೆ ಹೊಳೆಯಲಿಲ್ಲ. ಪಾಪದ ಫೋನು ಗೊತ್ತಿಲ್ಲದ ಅಕ್ಷರಕ್ಕೆಲ್ಲ ಒಂದೊಂದು ಖಾಲಿ ಚೌಕ ಇಟ್ಟಿದೆ. ಓದು ಬಾರದ ಅತ್ತೆ, ಸೊಸೆ ಬರೆದದ್ದು ತಪ್ಪಿರುತ್ತದೆಯೇ ಎಂಬ ನಂಬಿಕೆಯಲ್ಲಿ, ರಬ್ಹಾಳ ಹೆಸರಿನ ಐದು ಅಕ್ಷರಗಳ ಬದಲು ಮೂಡಿದ ಐದು ಚೌಕಗಳನ್ನೂ ಒಂದೆಳೆ ತಪ್ಪದೆ ನೇಯ್ದಿದ್ದಾರೆ!

ಮದುಮಗಳ ಜೊತೆ ಗಂಡನ ಮನೆಗೆ ಹೋಗಬೇಕಾದ ರತ್ನಗಂಬಳಿ! ಬೀಗರು ಆಗಲೇ ಒಳಗೆ ಕೂತು ಪುದೀನ ಚಹಾ ಹೀರುತ್ತಿದ್ದಾರೆ!

“ರೀ, ಏನಾದರೂ ಮಾಡ್ರೀ!” ಎಂದು ಗಂಡ ಹಮ್ಮುವಿನ ತೋಳು ಜಗ್ಗಿದೆ.

“ಸಂತೇಲಿ ಚೌಕಾಸಿ ಮಾಡ್ತೀಯ ಅಂತ ಗೊತ್ತಿತ್ತು. ನನ್ನ ತಂಗಿ ಹೆಸರಲ್ಲೂ ಮಾಡ್ತೀಯ ಅಂತ ಗೊತ್ತಿರಲಿಲ್ಲ!”

ಅಷ್ಟರಲ್ಲಿ ಬೀಗಿತ್ತಿ ಲಲ್ಲಾ ಯಾಮ್ನಾ ಕಂಬಳಿ ಬಿಡಿಸಿಯೇಬಿಟ್ಟರು. “ಇದೇನ್ರಮ್ಮಾ? ಹುಡುಗಿ ಹೆಸರೆಲ್ಲಿ?”

“ಅದು ಕಿಟಕಿ!” ಎಂದು ತುದಾ ಕಿರುಚಿದಳು.

ಅತ್ತೆ ಕಂಬಳಿ ನೋಡಿದರು. ಬಾದಾಮಿಗಿಂತ ಬೆಳ್ಳಗಾದ ನನ್ನ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, “ಕಿಟಕಿಯಲ್ಲ ಕೂಸೇ, ಕೋಣೆ! ನಿಮ್ಮನೇಲಿ ನನ್ನ ಮಗಳಿಗೆ ಜಾಗ ಸಾಲದಿದ್ರೆ ಅಂತ ಐದು ಕೋಣೆ ಜೊತೆಗೇ ಕಳಿಸ್ತಿದ್ದೀನಿ ಬೀಗಿತ್ತಿ!” ಎಂದರು.

ಮನೆಯೆಲ್ಲ ನಗು! ಲಲ್ಲಾ ಯಾಮ್ನಾ ಕಣ್ಣೊರೆಸಿಕೊಳ್ಳುತ್ತಾ, “ಹಾಗಾದ್ರೆ ನನಗೂ ಇಂಥದ್ದೇ ಒಂದು!” ಎಂದರು.

ಅಡುಗೆಮನೆಗೆ ಹೋದ ಅತ್ತೆಯ ಹಿಂದೆಯೇ ಓಡಿ ಅವರ ಕೈ ಹಿಡಿದುಕೊಂಡೆ. “ತಪ್ಪಾಯ್ತು ಅತ್ತೆ. ಇವತ್ತೇ ಆ್ಯಪ್ ಸರಿ ಮಾಡ್ತೀನಿ. ನೋಡಿ, ನಿಜವಾದ ಅಕ್ಷರ ಹೀಗಿರುತ್ತೆ.”

ಅತ್ತೆ ನನ್ನ ಫೋನಿಗೆ ಕಣ್ಣಿಟ್ಟರು. ರಬ್ಹಾಳ ಐದು ಅಕ್ಷರಗಳಲ್ಲಿ ನಾಲ್ಕು ಉಂಡೆಯಷ್ಟು ದುಂಡಗೆ!

“ಅಯ್ಯೋ, ಮಗ್ಗದಲ್ಲಿ ದುಂಡಗೆ ತರೋದು ಎಷ್ಟು ಕಷ್ಟ ಗೊತ್ತೇನೇ?” ಅತ್ತೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. “ಮಗಳೇ, ನನಗೊಂದು ಉಪಕಾರ ಮಾಡು. ಬೀಗಿತ್ತಿ ಕಂಬಳಿ ಮುಗಿಯೋವರೆಗೂ ಅದನ್ನ ಸರಿ ಮಾಡಬೇಡ!”