ಬೀಗರ ಶುಂಠಿಗೊಂದು ಲೈಕು

ಮಗಳ ಮದುವೆ ಗೊತ್ತಾದ ಮೇಲೆ ನಾನು ಚಿಂತಿಸಬೇಕಾದದ್ದನ್ನೆಲ್ಲ ಕ್ರಮವಾಗಿ ಚಿಂತಿಸಿ ಮುಗಿಸಿದ್ದೆ. ಛತ್ರ, ಅಡುಗೆಯವರು, ಮಳೆ, ಅಡುಗೆಯವರ ಮೇಲೆ ಬೀಳಬಹುದಾದ ಮಳೆ. ಇನ್ನು ಯಾವ ಆಪತ್ತೂ ಉಳಿದಿಲ್ಲವೆಂದು ಹುಣಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದೆ. ಲೈಕಿನ ಚಿಂತೆಯೊಂದನ್ನು ಮರೆತಿದ್ದೆ!

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನ ನಮ್ಮ ಬೀಗರು ಶಿವಮಲ್ಲಪ್ಪನವರು ದಿನವೂ ಬೆಳಿಗ್ಗೆ ತಮ್ಮ ಶುಂಠಿ ಹೊಲದ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕುತ್ತಾರೆ. ನಾನು ದಿನವೂ ಭಕ್ತಿಯಿಂದ ನೋಡುತ್ತಿದ್ದೆ. ಶುಂಠಿ ನಿನ್ನೆ ಇದ್ದಂತೆಯೇ ಇರುತ್ತಿತ್ತು. ಮುಂದಕ್ಕೆ ಸರಿಸುತ್ತಿದ್ದೆ.

ಒಂದು ಮಧ್ಯಾಹ್ನ ಹೆಂಡತಿ ಮಂಗಳಾ ಬೀಗಿತ್ತಿಯ ಜೊತೆ ಫೋನಿನಲ್ಲಿ ಮಾತಾಡಿ ಬಂದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ರೀ, ಬೀಗ್ರು ಬೇಜಾರ್ ಮಾಡ್ಕಂಡವ್ರಂತೆ. ಅವ್ರ ಶುಂಠಿಗೆ ನೀವು ಒಂದ್ ದಿನಾನೂ ಲೈಕ್ ಒತ್ತಿಲ್ವಂತೆ. ಈ ಸಂಬಂಧ ನಿಮಗೆ ಇಷ್ಟ ಇಲ್ವೇನೋ ಅಂತ ಅವ್ರ ಮನೇಲಿ ಮಾತಾಗದೆ.”

“ದಿನಾ ನೋಡ್ತೀನಲ್ಲೇ!”

“ನೋಡೋದು ಅವ್ರಿಗೆ ಎಂಗೆ ಗೊತ್ತಾಗ್ಬೇಕು? ಕನಸು ಬೀಳ್ತದಾ?”

ಒಂದು ಹೆಬ್ಬೆರಳಿನ ಸೋಮಾರಿತನದಿಂದ ಮಗಳ ಮದುವೆ ಮುರಿಯುವುದೇ? ಆ ಕ್ಷಣವೇ ಬಾಕಿಯನ್ನೆಲ್ಲ ತೀರಿಸಲು ಕುಳಿತೆ. ಶುಂಠಿ, ಲೈಕ್. ಶುಂಠಿ, ಲೈಕ್. ಟ್ರ್ಯಾಕ್ಟರ್, ಲೈಕ್. ಹೆಬ್ಬೆರಳು ಓಟಕ್ಕೆ ಬಿದ್ದಿತು. ಶುಂಠಿ ಮುಗಿದು ಹಳೆಯ ವರ್ಷಗಳು ಶುರುವಾದವು: ಗೃಹಪ್ರವೇಶ, ಯಾರದೋ ನಾಮಕರಣ, ಇನ್ನೂ ಮೀಸೆ ಮೂಡದ ನಮ್ಮ ಭಾವೀ ಅಳಿಯ. ಒಂದನ್ನೂ ಬಿಡಲಿಲ್ಲ.

ಸಂಜೆ ಬೀಗರ ಫೋನ್ ಬಂತು. ಕೃತಜ್ಞತೆ ಹೇಳಲಿರಬೇಕೆಂದು ಗಂಟಲು ಸರಿಮಾಡಿಕೊಂಡೆ.

“ಏನ್ ಬೀಗ್ರೇ, ವೀಳ್ಯಶಾಸ್ತ್ರ ಆದ್ಮೇಲೆ ನಮ್ ಮನೆತನ ವಿಚಾರುಸ್ತಾ ಇದ್ದೀರಾ? ಹಳೇದೆಲ್ಲಾ ಕೆದಕ್ತಾ ಇದ್ದೀರಲ್ಲ, ಏನ್ ಹುಳುಕು ಸಿಕ್ತು?”

ನಮ್ಮ ಕಡೆ ಹುಡುಗನ ಮನೆಯ ಬಗ್ಗೆ ಊರೂರು ಕೇಳುವುದೆಲ್ಲ ವೀಳ್ಯಕ್ಕೆ ಮುಂಚೆ. ಆಮೇಲೆ ಕೇಳಿದರೆ ಮಹಾ ಅವಮಾನ!

ಮರುದಿನ ಗರಿಗರಿ ಪಂಚೆಯುಟ್ಟು ಬಸ್ಸು ಹತ್ತಿದೆ. ಬೀಗರು ಹೊಲದಲ್ಲೇ ಸಿಕ್ಕರು. ನಡೆದದ್ದನ್ನೆಲ್ಲ ಹೇಳಿ, “ನಿಜವಾಗ್ಲೂ ಶುಂಠಿ ತುಂಬಾ ಚೆನ್ನಾಗಿದೆ” ಎಂದೆ.

ಅವರು ಗಿಡಗಳನ್ನೇ ನೋಡುತ್ತಾ ನಿಂತರು. “ನನ್ಗೊಬ್ಬನ್ಗೇ ಏಳುದ್ರೆ ಆಯ್ತಾ ಬೀಗ್ರೇ? ‘ಎಲ್ರೂ ಒತ್ತವ್ರೆ, ನಿಮ್ ಬೀಗ್ರು ಯಾಕೆ ಕಾಣ್ಸಲ್ಲ’ ಅಂತ ನಮ್ಮೂರೋರು ದಿನಾ ಕೇಳ್ತಿದ್ರು. ಈಗ ನೋಡುದ್ರೆ ‘ಹಳೇದೆಲ್ಲಾ ಯಾಕೆ ಕೆದಕ್ತಾವ್ರೆ’ ಅಂತಾರೆ. ಏನಂತ ಏಳ್ಲಿ?”

ನಾಚಿಕೆಯಾಯಿತು. ತಕ್ಷಣ ಊರಿಗೆಲ್ಲ ಕಾಣುವಂತೆ ಶುಂಠಿ ಫೋಟೊದ ಕೆಳಗೇ ಬರೆಯಲು ಫೋನ್ ತೆಗೆದರೆ ಸಿಗ್ನಲ್ಲೇ ಇಲ್ಲ!

“ಪಂಪ್‌ಸೆಟ್ ಮನೆ ಮೇಲೆ ಅತ್ತಿ, ಅಲ್ಲಿ ಸಿಗ್ತದೆ.”

ಹತ್ತಿದೆ. ‘ಶುಂಠಿ ಬಹಳ ಸೊಗಸು ಬೀಗರೇ. ನಿಮ್ಮ ಮನೆಗೆ ಮಗಳನ್ನು ಕೊಡುತ್ತಿರುವುದು ನಮ್ಮ ಭಾಗ್ಯ’ ಎಂದು ಬರೆದು, ಎರಡೂ ಕೈಯಿಂದ ಫೋನನ್ನು ಆಕಾಶಕ್ಕೆತ್ತಿ ಹಿಡಿದೆ. ಸಂದೇಶ ಹೋದದ್ದೂ ಗಾಳಿ ಬೀಸಿ ಪಂಚೆ ಜಾರಿದ್ದೂ ಒಟ್ಟಿಗೇ! ಬೀಗರು ಹೊಟ್ಟೆ ಹಿಡಿದು ನಗುತ್ತಾ ಕೆಳಗಿನಿಂದ ಫೋಟೊ ತೆಗೆದರು.

ನಾನು ಹುಣಸೂರು ಸೇರುವಷ್ಟರಲ್ಲಿ ಅದು ಫೇಸ್‌ಬುಕ್ಕಿನಲ್ಲಿತ್ತು: ‘ನಮ್ಮ ಪ್ರೀತಿಯ ಬೀಗರು, ನಮ್ಮ ಹೊಲದಲ್ಲಿ.’ ಪಟ್ಟೆ ಚಡ್ಡಿ ಸ್ಪಷ್ಟವಾಗಿ ಕಾಣುತ್ತಿತ್ತು. ಶುಂಠಿಗೆ ಎಂದೂ ಬರದಷ್ಟು ಲೈಕು. ಮೊದಲ ಕೆಂಪು ಹೃದಯ ನಮ್ಮ ಮಂಗಳಾಳದ್ದು!

“ಇದಕ್ಕೂ ಒತ್ತಿದ್ಯಲ್ಲೇ?”

“ಇನ್ನೇನ್ ಮಾಡ್ಲಿ? ಬೀಗ್ರು ಬೇಜಾರ್ ಮಾಡ್ಕಳಲ್ವಾ? ನೀವೂ ಒತ್ತಿ, ಕಾಯ್ತಾ ಅವ್ರೆ.”

ಮಗಳ ಮದುವೆಯ ಪ್ರಶ್ನೆ. ಕಣ್ಣು ಮುಚ್ಚಿಕೊಂಡು, ನನ್ನ ಚಡ್ಡಿಗೆ ನಾನೇ ಲೈಕ್ ಒತ್ತಿದೆ.