ಸಪೋರ್ಟಿಗೊಂದು ಕೊಟೇಶನ್

ಜೀವಮಾನದಲ್ಲಿ ನಾನು ಒಂದೇ ಒಂದು ಸಂಶೋಧನೆ ಮಾಡಿದ್ದೇನೆ. ಅದನ್ನೂ ಮಾಡದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ಕೆಲವು ವಿಷಯಗಳನ್ನು ತಿಳಿದುಕೊಳ್ಳದೆ ಇರುವುದೇ ಆರೋಗ್ಯಕ್ಕೆ ಹಿತ. ಹೆಂಡತಿಯ ತವರಿನಲ್ಲಿ ನಮ್ಮ ಬಗ್ಗೆ ಇರುವ ಅಭಿಪ್ರಾಯ ಅಂಥದ್ದೊಂದು. ಸರಕಾರಿ ಕಚೇರಿ ಯಾವ ಸಾಮಾನನ್ನು ಯಾರಿಂದ ಯಾಕೆ ಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ತಂಟೆಗೆ ನಾನು ಈವರೆಗೆ ಹೋಗಿಲ್ಲ. ಎರಡನೆಯದಕ್ಕೆ ಹೋಗಿ ಬುದ್ಧಿ ಕಲಿತೆ.

ಕಡಬ ಪೇಟೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಉತ್ತರಕ್ರಿಯೆ ಕಾಗದ, ಬಿಲ್ ಬುಕ್ಕು ಇವೇ ಜೀವಾಳ. ಈಗ ಮದುವೆಗೆ ಮೊಬೈಲಿನಲ್ಲಿ ಹಾಡುವ ಕಾಗದ ಬರುತ್ತದೆ. ಉತ್ತರಕ್ರಿಯೆಗೂ ಫೋಟೋದ ಎರಡು ಬದಿ ದೀಪ ಉರಿಯುವ ಕಾಗದ ವಾಟ್ಸಾಪಿನಲ್ಲೇ ಬರುತ್ತದೆ. ಜನ ಮೊದಲಿನ ಹಾಗೆಯೇ ಸಾಯುತ್ತಿದ್ದಾರೆ, ಪ್ರೆಸ್ಸಿಗೆ ಮಾತ್ರ ಅದರಿಂದ ಏನೂ ಪ್ರಯೋಜನವಿಲ್ಲ. ನನ್ನದು ಹೇಗೋ ಕಳೆಯುತ್ತದೆ, ಹೆಂಡತಿ ಟೀಚರು. ಚಿಂತೆ ಇದ್ದದ್ದು ಲೀಲಕ್ಕನದು. ಲೀಲಕ್ಕ ಇಪ್ಪತ್ತೆರಡು ವರ್ಷಗಳಿಂದ ನಮ್ಮಲ್ಲಿ ಬೈಂಡಿಂಗ್ ಮಾಡುವವರು, ಇಚಿಲಂಪಾಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಅವರು ಕೈಯಲ್ಲಿ ಹಾಕಿದ ಹೊಲಿಗೆ, ಕಾಗದ ಹರಿದರೂ ತಾನು ಬಿಡುವುದಿಲ್ಲ. ಆ ವರ್ಷ ದೀಪಾವಳಿ ಕಳೆದ ಮೇಲೆ ಅವರಿಗೆ ಹೊಲಿಯುವುದಕ್ಕೆ ಏನೂ ಇರಲಿಲ್ಲ. ಬಂದು ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದರು. ಒಂದು ದಿನ, "ಅಣ್ಣ, ನಾನು ನಾಳೆಯಿಂದ ಬರುದು ಬೇಡವಾ ಎಂತ?" ಎಂದು ಕೇಳಿಯೇಬಿಟ್ಟರು. "ಮಾರ್ಚಿನವರೆಗೆ ನೋಡುವ ಲೀಲಕ್ಕ" ಎಂದೆ. ಮಾರ್ಚಿನಲ್ಲಿ ಏನು ನೋಡುವುದಕ್ಕುಂಟು ಎಂದು ನನಗೂ ಗೊತ್ತಿರಲಿಲ್ಲ.

ಬಾಯಿಯಿಂದ ಮಾರ್ಚ್ ಎಂದು ಬಿದ್ದ ಮೇಲೆ ನೆನಪಾದದ್ದು ಪುತ್ತೂರಿನ ಒಂದು ಕಚೇರಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಸಣ್ಣಪುಟ್ಟ ಕಾಮಗಾರಿಗಳನ್ನು ಗುತ್ತಿಗೆಗೆ ಕೊಡುವ ಕಚೇರಿ ಅದು. ಇಲಾಖೆಯ ಹೆಸರು ಬೇಡ. ಅಲ್ಲಿ ಗೋಡೆಯುದ್ದಕ್ಕೂ ಹಳೆಯ ರಿಜಿಸ್ಟರುಗಳು ಬೆನ್ನು ಕಿತ್ತುಕೊಂಡು ಬಿದ್ದಿವೆ. ಅವನ್ನು ಮತ್ತೆ ಬೈಂಡ್ ಮಾಡುವ ಕೆಲಸ ಸಿಕ್ಕಿದರೆ ಲೀಲಕ್ಕನಿಗೆ ಒಂದು ವರ್ಷ ತಲೆಯೆತ್ತಲು ಪುರುಸೊತ್ತಿಲ್ಲ. ಹೋಗಿ ಸೂಪರಿಂಟೆಂಡೆಂಟರನ್ನು ಕಂಡೆ. ಪ್ರೆಸ್ಸಿನ ಹೆಸರು ಕೇಳಿದ್ದೇ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಓ, ನೀವಾ ಅದು! ಎಂತ ಮಾರಾಯ್ರೆ, ನಿಮ್ಮ ರೇಟು ನೋಡಿದ್ರೆ ಕರೆಂಟು ಹೊಡೆದ ಹಾಗೆ ಆಗ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಕಮ್ಮಿ ಹಾಕಿದ್ದುಂಟಾ?"

ಆ ಕಚೇರಿಗೆ ನಾನು ಒಂದು ರೇಟನ್ನೂ ಕೊಟ್ಟ ನೆನಪೇ ಇರಲಿಲ್ಲ. ಅವಮಾನವಾಯಿತು. ಆ ಸಿಟ್ಟಿನಲ್ಲಿ ನೆಟ್ಟಗೆ ಅಂಚೆ ಕಚೇರಿಗೆ ಹೋಗಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ತೆಗೆದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಗೀಚಿ ಹಾಕಿದೆ: ಕಳೆದ ಐದು ವರ್ಷಗಳಲ್ಲಿ ಏನೇನು ಕೊಂಡಿರಿ, ಯಾರಿಂದ ಕೊಂಡಿರಿ, ಯಾರ್ಯಾರು ಎಷ್ಟೆಷ್ಟು ರೇಟು ಹಾಕಿದ್ದರು?

ತಿಂಗಳ ಮೇಲೆ ಒಂದು ಕಟ್ಟು ಕಾಗದ ಬಂತು. ಹೆಂಡತಿ, "ಈ ಪ್ರಾಯದಲ್ಲಿ ಯಾವ ಪರೀಕ್ಷೆ ಕಟ್ಟಿದ್ದು?" ಎಂದು ಕೇಳಿದಳು. ನಾನು ನಿಜಕ್ಕೂ ಪರೀಕ್ಷೆಗೆ ಓದುವವನ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ. ಓದುತ್ತ ಹೋದ ಹಾಗೆ ಕಚೇರಿಯ ಸ್ವಭಾವ ತಿಳಿಯತೊಡಗಿತು. ಏಪ್ರಿಲಿನಿಂದ ಫೆಬ್ರವರಿಯವರೆಗೆ ಅದಕ್ಕೆ ಏಕಾದಶಿ. ಒಂದು ಡಬ್ಬಿ ಗುಂಡುಸೂಜಿ, ಒಂದು ಪೊರಕೆ, ಅಷ್ಟರಲ್ಲಿ ದಿನ ಕಳೆಯುತ್ತದೆ. ಮಾರ್ಚ್ ಬಂದರೆ ಪಾರಣೆ. ಉಳಿದ ಅನುದಾನ ವಾಪಸು ಹೋಗುತ್ತದಲ್ಲ! ಬೆವರು ಹರಿಯುವ ಸೆಕೆಯಲ್ಲಿ ಮಳೆಕೋಟು ಕೊಂಡದ್ದುಂಟು. ಅದು ಬೇಕಾದರೆ ದೂರದೃಷ್ಟಿ ಎನ್ನಿ. ಆದರೆ ಮೇಜಿನದ್ದು? ಖರೀದಿ ದೊಡ್ಡದಾದರೆ ಟೆಂಡರು ಕರೆಯಬೇಕು, ಸಣ್ಣದಾದರೆ ಮೂರು ಅಂಗಡಿಯ ಕೊಟೇಶನ್ ಸಾಕು. ಹಾಗಾಗಿ ಮೇಜುಗಳು ಒಂದು ಖರೀದಿ, ಅವುಗಳ ಡ್ರಾಯರು ಇನ್ನೊಂದು ಖರೀದಿ, ಡ್ರಾಯರಿನ ಬೀಗ ಮತ್ತೊಂದು ಖರೀದಿ. ಎಲ್ಲದಕ್ಕೂ ಕ್ರಮಪ್ರಕಾರ ಮೂರು ಮೂರು ಕೊಟೇಶನ್ ಇದ್ದವು. ಎಲ್ಲದರಲ್ಲೂ ಕಡಿಮೆ ರೇಟು ಹಾಕಿ ಗೆದ್ದವನು ಗಣೇಶ.

ಗಣೇಶ ನನ್ನ ಶಾಲೆಯ ಗೆಳೆಯ. ಪುತ್ತೂರಿನಲ್ಲಿ ಸಪ್ಲೈ ವ್ಯಾಪಾರ. ಕೇಳಿದರೆ ಆನೆಯನ್ನೂ ತರಿಸಿ ಕೊಡುತ್ತಾನೆ. ಅವನ ಮೇಲಿನ ರೇಟು ಗುಂಡ್ಯದ ಯಾವುದೋ 'ಸರ್ವಸಿದ್ಧಿ ಸಪ್ಲೈಯರ್ಸ್' ಎಂಬವರದು. ಎಲ್ಲರಿಗಿಂತ ಮೇಲೆ ನಾನು. ನನ್ನ ಲೆಟರ್‌ಹೆಡ್, ನನ್ನ ಸೀಲು, ನನ್ನದೇ ಸಹಿ. ಪೊರಕೆಗೂ ನಾನು ರೇಟು ಹಾಕಿದ್ದೆ, ಅದೂ ಬೆಳ್ಳಿ ಹಿಡಿ ಇರುವ ಪೊರಕೆಯ ರೇಟು.

ಆಗ ನೆನಪಾಯಿತು. ವರ್ಷಕ್ಕೊಮ್ಮೆ ಗಣೇಶ ಬಂದು, "ಸಪೋರ್ಟಿಗೆ ಮಾರಾಯ, ನಿನ್ನ ಲೆಟರ್‌ಹೆಡ್ ಒಂದಷ್ಟು ಹಾಳೆ ಸೈನು ಹಾಕಿ ಕೊಡು" ಎಂದು ಕೇಳುತ್ತಿದ್ದ. ನಾನು ನೀರು ಕುಡಿದಷ್ಟು ಸಲೀಸಾಗಿ ಖಾಲಿ ಹಾಳೆಗೆ ಸೀಲೊತ್ತಿ ಸಹಿ ಹಾಕಿ ಕೊಡುತ್ತಿದ್ದೆ. ಎಂತ ಸಪೋರ್ಟು, ಯಾರಿಗೆ ಸಪೋರ್ಟು ಎಂದು ಕೇಳಿದವನಲ್ಲ. ಗೆಳೆಯ ಬಾಯಿಬಿಟ್ಟು ಕೇಳಿದಾಗ ಎಂತಕ್ಕೆ ಎಂದು ಕೇಳುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ನನಗೆ ಬರುತ್ತದೆ. ಗಾದೆ ಬಂದ ಮಾತ್ರಕ್ಕೆ ಬುದ್ಧಿ ಬರಬೇಕೆಂದಿಲ್ಲ.

ಆದರೂ ಒಂದು ಆಸೆ ಉಳಿದಿತ್ತು. ಗುಂಡ್ಯದವರಾದರೂ ಸಾಚಾ ಸ್ಪರ್ಧಿಗಳಿರಬೇಕಲ್ಲ, ನನ್ನ ಹಾಗೆಯೇ ವರ್ಷವರ್ಷವೂ ಸೋತವರು, ಕಂಡು ಮಾತಾಡುವ ಎಂದು ಬಸ್ಸು ಹತ್ತಿದೆ. ಘಾಟಿ ಹತ್ತುವ ಲಾರಿಗಳು ನಿಂತ ಆ ರಸ್ತೆಬದಿಯಲ್ಲಿ ಎರಡು ಸಲ ಮೇಲೆ ಕೆಳಗೆ ನಡೆದು, ಸುಸ್ತಾಗಿ ಒಂದು ಹೋಟೆಲಿನಲ್ಲಿ ಕೂತು ವಿಚಾರಿಸಿದೆ. ಹೋಟೆಲಿನ ಮಲಯಾಳಿ ಯಜಮಾನರು ನಕ್ಕುಬಿಟ್ಟರು. "ಸಪ್ಲೈಯರ್ಸಾ? ಇಲ್ಲಿ ಸಪ್ಲೈ ಅಂತ ಇರುದು ಚಾಯ, ಪರೋಟ. ಮೇಜು ಬೇಕಾದ್ರೆ ನೀವು ಕೈ ಇಟ್ಟದ್ದು ಉಂಟಲ್ಲ, ಅದೇ."

ಮರಳಿ ಬಂದು ಆ ಕಾಗದಗಳನ್ನು ಲೀಲಕ್ಕನ ಎದುರು ಹಾಕಿದೆ. ಅವರು ಸರ್ವಸಿದ್ಧಿಯವರ ಹಾಳೆ ಎತ್ತಿ ಒಂದೇ ನೋಟಕ್ಕೆ, "ಇದು ನಮ್ಮಲ್ಲೇ ಪ್ರಿಂಟ್ ಆದದ್ದಲ್ವಾ ಅಣ್ಣ? ಗಣೇಶಣ್ಣ ಮಾಡಿಸಿದ್ದು. ನೋಡಿ, ಇದರಲ್ಲಿಯೂ 'ಗರಿ' ಅಂತಲೇ ಉಂಟು" ಎಂದರು. ನನ್ನ ಲೆಟರ್‌ಹೆಡ್ಡಿನ ಅಡಿಯಲ್ಲಿ 'ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಎಂದಿರಬೇಕಾದಲ್ಲಿ, ಕೊಂಬು ಬಿಟ್ಟುಹೋಗಿ 'ಗರಿ' ಎಂದು ಅಚ್ಚಾಗಿತ್ತು. ಅದೇ ಫೈಲಿಗೆ ಎಂದೋ ಬೇರೆ ಹೆಸರು ಕೂರಿಸಿ ಗಣೇಶನಿಗೆ ಮಾಡಿಕೊಟ್ಟು ಮರೆತಿದ್ದೆ. ಎದುರಾಳಿಯನ್ನು ಅಚ್ಚು ಹಾಕಿದವನೂ ನಾನೇ, ಸೋತವನೂ ನಾನೇ. ಸ್ವಂತ ತಪ್ಪು ಕಾಣುವ ಕಣ್ಣಿದ್ದರೆ ಪ್ರೂಫ್ ನೋಡುವಾಗಲೇ ಕಾಣಬೇಕಿತ್ತು.

ದೂರು ಕೊಡೋಣವೆಂದರೆ ಮೊದಲು ಸಿಕ್ಕಿಬೀಳುವ ಸಹಿ ನನ್ನದು. ಕಡೆಗೆ ಗಣೇಶನ ಹತ್ತಿರವೇ ಜಗಳಕ್ಕೆ ಹೋದೆ. ಅವನಿಗೆ ನಿಜವಾಗಿಯೂ ಬೇಸರವಾಯಿತು.

"ಅಯ್ಯೋ, ನಿಂಗೂ ಆರ್ಡರು ಬೇಕು ಅಂತ ಒಂದು ಮಾತು ಹೇಳ್ಬಾರ್ದಾ? ನೀನು ಕೇಳಿದ್ದೇ ಇಲ್ಲ ಅಲ್ವಾ ಮಾರಾಯ! ಈ ಸಲದ ಬೈಂಡಿಂಗ್ ನಿಂಗೇ. ಸಪೋರ್ಟು ನಂದು."

ಜಗಳಕ್ಕೆ ಹೋದವನು ಗೋಳಿಬಜೆ ತಿಂದು, ಉಪಕಾರವಾಯಿತು ಎಂದು ಹೇಳಿ ಬಂದೆ. ಅನ್ಯಾಯ ಎಂದು ಕೂಗಬೇಕಾದವನು ಅದೇ ಅನ್ಯಾಯದ ಸಾಲಿನಲ್ಲಿ ನಿಂತು ಬಂದೆನಲ್ಲ ಎಂದು ಬಸ್ಸಿನಲ್ಲಿ ನಾಚಿಕೆಯಾದದ್ದು ನಿಜ. ಉಪ್ಪಿನಂಗಡಿ ದಾಟುವಷ್ಟರಲ್ಲಿ ಲೀಲಕ್ಕನ ಮುಖ ನೆನೆದು ಆ ನಾಚಿಕೆಯನ್ನು ಸಮಾಧಾನ ಮಾಡಿದೆ.

ಮಾರ್ಚ್ ಬಂತು. ನೂಲು, ಅಂಟು, ಬಟ್ಟೆ, ಕೂಲಿ ಎಲ್ಲ ಸೇರಿಸಿ ನಾನೂ ಲೀಲಕ್ಕನೂ ನ್ಯಾಯದ ರೇಟು ಹಾಕಿದೆವು. ಅವರು ಆ ಸಂಜೆಯೇ ಹೊಸ ದಬ್ಬಳ ಕೊಂಡರು. ಉಳಿದೆರಡು ಕೊಟೇಶನ್, ತನ್ನದೂ ಸರ್ವಸಿದ್ಧಿಯದೂ, ಗಣೇಶ ತಾನೇ ಬರೆದು, ಮೂರನ್ನೂ ತಾನೇ ಕೊಟ್ಟುಬಂದ. ಕವರು ಒಡೆದು ನೋಡಿದರೆ ಗಣೇಶನ ರೇಟು ನನ್ನದಕ್ಕಿಂತ ರಿಜಿಸ್ಟರಿಗೆ ಐದು ರೂಪಾಯಿ ಕಡಿಮೆ! ನಿಯಮ ಎಂದರೆ ನಿಯಮ, ಕೆಲಸ ಅವನಿಗೇ ಆಯಿತು. ಫೋನಿನಲ್ಲಿ ಗಣೇಶ ಅಳುವುದೊಂದು ಬಾಕಿ. "ನಿನ್ನ ರೇಟು ನೋಡಿದ್ದೇ ಕೈ ತನ್ನಷ್ಟಕ್ಕೆ ಐದು ರೂಪಾಯಿ ಕಮ್ಮಿ ಬರೀತು ಮಾರಾಯ. ಇಷ್ಟು ವರ್ಷದ ಅಭ್ಯಾಸ ಅಲ್ವಾ? ದೇವರಾಣೆ, ಬೇಕೂಂತ ಮಾಡಿದ್ದಲ್ಲ." ನಾನು ನಂಬಿದೆ. ನಂಬದಿದ್ದರೆ ಇನ್ನೂ ಸಂಕಟ.

ರಿಜಿಸ್ಟರು ಹೊಲಿಯಲು ಜನ ಬೇಕಲ್ಲ? ಕೈಹೊಲಿಗೆಯವರು ಅವನಿಗೆ ಎಲ್ಲಿಯೂ ಸಿಗಲಿಲ್ಲ.

"ಗಣೇಶಣ್ಣ ಕರೀತಾರೆ ಅಣ್ಣ. ಸಂಬಳ ಜಾಸ್ತಿ ಹೇಳ್ತಾರೆ. ನೀವು ಬೇಡ ಅಂದ್ರೆ ಹೋಗುದಿಲ್ಲ" ಎಂದರು ಲೀಲಕ್ಕ.

ಬೇಡ ಎನ್ನುವುದಕ್ಕೆ ನನ್ನಲ್ಲಿ ಏನಿತ್ತು? "ಹೋಗಿ ಲೀಲಕ್ಕ, ಒಳ್ಳೆಯದಾಯಿತು" ಎಂದೆ. ಅವರು ದಬ್ಬಳ, ನೂಲುಂಡೆ ಚೀಲಕ್ಕೆ ಹಾಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಮೆಷಿನಿಗೆ ಎಣ್ಣೆ ಬಿಡುವ ನೆಪದಲ್ಲಿ ತಿರುಗಿ ನಿಂತೆ. ತುಂಬಾ ದುಃಖವಾಯಿತು. ಅವರಿಗೆ ಕೆಲಸ ಸಿಗಲಿ ಎಂದೇ ಇಷ್ಟೆಲ್ಲ ಒದ್ದಾಡಿದ್ದು, ಸಿಕ್ಕಿತಲ್ಲ ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೇಳಲಿಲ್ಲ.

ಮೇ ತಿಂಗಳಲ್ಲಿ ಮೆಷಿನನ್ನು ಗುಜರಿಯವರಿಗೆ ಕೊಟ್ಟೆ. ಕೋಣೆಯ ಬೀಗದ ಕೈಯನ್ನು ಒಡೆಯರಿಗೆ ಒಪ್ಪಿಸಲು ಹೊರಟಾಗ ಗಣೇಶ ಬೈಕಿನಲ್ಲಿ ಬಂದ. ಅಂಗಡಿ ಮುಚ್ಚಿದರೂ ಜಿಎಸ್‌ಟಿ ನಂಬ್ರ ಮಾತ್ರ ರದ್ದು ಮಾಡಬಾರದಂತೆ. ಉಳಿದಿದ್ದ ಲೆಟರ್‌ಹೆಡ್ಡುಗಳನ್ನೆಲ್ಲ ಬೈಕಿನ ಸೀಟಿನ ಮೇಲೆ ಹರಡಿ ಪೆನ್ನು ಕೊಟ್ಟ. ಎರಡು ಹಾಳೆಗೆ ಸಹಿ ಹಾಕುವಾಗ ನನಗೆ ಸೂಪರಿಂಟೆಂಡೆಂಟರ ಕರೆಂಟಿನ ಮಾತು ಚುಚ್ಚಿತು.

"ಇನ್ನು ಮುಂದೆಯಾದ್ರೂ ನನ್ನ ರೇಟು ಸ್ವಲ್ಪ ಕಮ್ಮಿ ಹಾಕು ಮಾರಾಯ. ಮರ್ಯಾದೆಯ ಪ್ರಶ್ನೆ" ಎಂದೆ.

ಗಣೇಶ ಗಾಬರಿಯಾದ. "ಕಮ್ಮಿ ಹಾಕಿದ್ರೆ ಆರ್ಡರು ನಿಂಗೇ ಬರ್ತದಲ್ಲ! ಎಲ್ಲಿ ಪ್ರಿಂಟ್ ಮಾಡ್ತಿ ಮತ್ತೆ?"

ಹೌದಲ್ಲ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಉಳಿದ ಹಾಳೆಗಳಿಗೂ ಸಹಿ ಹಾಕಿದೆ.